ಕೆಲವರು ಅಂದರೆ ಯಾರು ಸಾರ್?

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ‘ದಯವಿಟ್ಟು’ ಬಂತು ಅಂದರೆ ಹಿಂದೆಯೇ ಜಗಳ ಬರುತ್ತಿದೆ ಅಂತ ಲೆಕ್ಕ. ನೇರವಾಗಿ ಬೈದರೆ ಅಷ್ಟು ಭಯ ಇಲ್ಲ. ಬೈದವರು ಸಂಜೆ ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ, ‘ಬೆಳಗ್ಗೆ ತಲೆ ಕೆಟ್ಟಿತ್ತು ಕಣ್ರೀ’ ಅನ್ನುತ್ತಾರೆ. ಆದರೆ ‘ದಯವಿಟ್ಟು ಇನ್ನಾದರೂ ತಮ್ಮ ಪಾದರಕ್ಷೆಗಳನ್ನು ತಮ್ಮ ಬಾಗಿಲಿನ ಒಳಗಡೆ ಇಟ್ಟುಕೊಳ್ಳಬೇಕಾಗಿ ವಿನಂತಿ’ ಅಂತ ಒಬ್ಬರು ಬರೆದ ಮೇಲೆ, ಆ ಮಹಡಿಯ ಎರಡು ಮನೆಯವರು ಗೌರಿ ಹಬ್ಬಕ್ಕೂ ಮಾತಾಡಲಿಲ್ಲ.

ಯೋಚಿಸಿ ನೋಡಿ. ಮನೆಯಲ್ಲಿ ನಾವು ಯಾರಿಗೆ ದಯವಿಟ್ಟು ಅನ್ನುತ್ತೇವೆ? ‘ಒಂಚೂರು ಸಾರು ಬಡಿಸು.’ ‘ಆ ಫ್ಯಾನ್ ಹಾಕ್ತೀಯಾ?’ ‘ಬರ್ತಾ ಕೊತ್ತಂಬರಿ ತಂದ್ಬಿಡಿ.’ ಕೇಳಿಕೊಳ್ಳುವ ಕೆಲಸವನ್ನೆಲ್ಲ ಆ ‘ಒಂಚೂರು’, ಆ ‘ತೀಯಾ’, ಆ ‘ಬಿಡಿ’ ಸದ್ದಿಲ್ಲದೆ ಮಾಡಿ ಮುಗಿಸುತ್ತವೆ. ದಯವಿಟ್ಟು ನಮ್ಮ ಕಣ್ಣಿಗೆ ಬೀಳುವುದು ಬೋರ್ಡುಗಳ ಮೇಲೆ. ದಯವಿಟ್ಟು ಇಲ್ಲಿ ಉಗುಳಬೇಡಿ. ದಯವಿಟ್ಟು ಹೂ ಕೀಳಬೇಡಿ. ದಯವಿಟ್ಟು ಸರಿಯಾದ ಚಿಲ್ಲರೆ ಕೊಡಿ. ಅದರ ಪಕ್ಕದಲ್ಲಿ ಯಾವಾಗಲೂ ಯಾರದೋ ಒಂದು ತಪ್ಪು ಇದ್ದೇ ಇರುತ್ತದೆ. ಹಾಗಾಗಿ ಗ್ರೂಪಿನಲ್ಲಿ ಅದನ್ನು ಓದಿದ ಕೂಡಲೇ, ಏನೂ ಮಾಡದವರಿಗೂ ತಾವು ಉಗುಳುತ್ತಿದ್ದಾಗಲೇ ಸಿಕ್ಕಿಬಿದ್ದ ಹಾಗೆ ಆಗುತ್ತದೆ.

ಪದಗಳನ್ನು ಹೀಗೆ ಕೆದಕಿ ನೋಡುವ ಚಟ ನನಗೆ ಅಂಟಿದ್ದು ಕೆಲಸದಿಂದ. ಆನ್‌ಲೈನಿನಲ್ಲಿ ಸಾಮಾನು ಮಾರುವ ಕಂಪನಿಯೊಂದಕ್ಕೆ ಕನ್ನಡದಲ್ಲಿ ಚಾಟ್ ಉತ್ತರ ಕೊಡುವ ಟೀಮಿನಲ್ಲಿ ಇದ್ದೇನೆ. ಮಿಕ್ಸಿ ಜಾರ್ ಒಡೆದು ಬಂದವರು, ಫೋಟೊದಲ್ಲಿ ನೇರಳೆ ಇದ್ದ ಸೀರೆ ಮನೆಗೆ ಬರುವಾಗ ಕಂದು ಆದವರು, ದುಡ್ಡು ಕಟ್ ಆಗಿ ಆರ್ಡರ್ ಆಗದವರು, ಎಲ್ಲರೂ ನಮ್ಮ ಹತ್ತಿರ ಬರುತ್ತಾರೆ. ಬರುವಾಗ ಯಾರೂ ಸಂತೋಷವಾಗಿ ಬರುವುದಿಲ್ಲ. ಅವರನ್ನು ನಾನು ನೋಡುವುದಿಲ್ಲ, ದನಿ ಕೇಳುವುದಿಲ್ಲ. ಬರೀ ಅಕ್ಷರ ನೋಡಿ ಇವರು ಎಷ್ಟು ಸಿಟ್ಟಾಗಿದ್ದಾರೆ ಅಂತ ಅಂದಾಜು ಮಾಡಬೇಕು. ತವರು ರಾಣೆಬೆನ್ನೂರು, ಗಂಡನ ಮನೆ ಕಡೆ ಮಂಡ್ಯ, ಸಂಸಾರ ಬೆಂಗಳೂರಿನ ಉತ್ತರಹಳ್ಳಿ. ಅಂದರೆ ನಮ್ಮ ಮನೆಯೊಳಗೇ ಮೂರು ಥರದ ಕನ್ನಡ ಓಡಾಡುತ್ತದೆ.

ಈ ಕೆಲಸದ ವಿಷಯ ಬಿಲ್ಡಿಂಗಿನಲ್ಲಿ ಗೊತ್ತಾದ ಮೇಲೆ ಇನ್ನೊಂದು ಕೆಲಸ ಹೆಗಲಿಗೆ ಬಿತ್ತು. ಗ್ರೂಪಿಗೆ ಏನಾದರೂ ಖಾರವಾಗಿ ಹಾಕಬೇಕು ಅಂದರೆ ಮೊದಲು ನನಗೆ ಕಳಿಸುತ್ತಾರೆ. ‘ಅಕ್ಕಾ, ಇದನ್ನ ಹಾಕ್ಲಾ? ಒಂಚೂರು ನೋಡಿ.’ ಸಂಬಳ ಇಲ್ಲ. ಹಬ್ಬಕ್ಕೆ ಒಬ್ಬಟ್ಟು ಬರುತ್ತದೆ.

2024ರ ಬೇಸಿಗೆಯಲ್ಲಿ ಈ ಕೆಲಸ ವಿಪರೀತ ಆಯಿತು. ನೆನಪಿದೆಯಲ್ಲ, ಊರಿಗೆ ಊರೇ ನೀರಿಗೆ ಬಾಯಿಬಿಟ್ಟ ವರ್ಷ. ನಮ್ಮ ಬೋರ್‌ವೆಲ್ ನೀರಿಗಿಂತ ಗಾಳಿಯನ್ನೇ ಜಾಸ್ತಿ ಉಗುಳುತ್ತಿತ್ತು. ಮಾರ್ಚಿನಲ್ಲಿ ಜಲಮಂಡಳಿ, ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ, ಗಾರ್ಡನ್ನಿಗೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಅದೇ ತಿಂಗಳು ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು. 5 ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಆ ದರಕ್ಕೆ ಟ್ಯಾಂಕರಿನವರು ಫೋನ್ ಎತ್ತಬೇಕಲ್ಲ, ಅದು ಬೇರೆ ಕತೆ.

ನಮ್ಮ ಅಸೋಸಿಯೇಷನ್ ಸೆಕ್ರೆಟರಿ ಬ್ಯಾಂಕಿನಿಂದ ರಿಟೈರ್ ಆದವರು. ತುಂಬಾ ಒಳ್ಳೆಯ ಮನುಷ್ಯ. ರಾತ್ರಿ ಹನ್ನೊಂದಕ್ಕೆ ಟ್ಯಾಂಕರ್ ಬಂದರೂ ಪಂಚೆ ಎತ್ತಿ ಕಟ್ಟಿಕೊಂಡು ಸಂಪಿನ ಹತ್ತಿರ ನಿಲ್ಲುತ್ತಿದ್ದರು. ಆದರೆ ಬರೆಯಲು ಕೂತರೆ ಮೈಮೇಲೆ ಬ್ಯಾಂಕ್ ಬರುತ್ತದೆ. ಒಂದು ಭಾನುವಾರ ಹೀಗೆ ಹಾಕಿದರು: ‘ನೀರಿನ ಪರಿಸ್ಥಿತಿ ಹೀಗಿದ್ದರೂ ಕೆಲವರು ಕಾರು ತೊಳೆಯುತ್ತಿರುವುದು ಗಮನಕ್ಕೆ ಬಂದಿದೆ. ಇಂಥವರಿಗೆ ಸಾಮಾಜಿಕ ಜವಾಬ್ದಾರಿ ಇಲ್ಲದಿರುವುದು ವಿಷಾದನೀಯ. ದಯವಿಟ್ಟು ಅರ್ಥ ಮಾಡಿಕೊಳ್ಳಿ. ಧನ್ಯವಾದಗಳು.’

ಮೊದಲ ಉತ್ತರ ತಕ್ಷಣ ಬಂತು. ‘ಕೆಲವರು ಅಂದರೆ ಯಾರು ಸಾರ್?’

ಅದನ್ನು ಕೇಳಿದವರ ಹತ್ತಿರ ಕಾರೇ ಇಲ್ಲ, ಬೈಕ್ ಮಾತ್ರ. ಆಮೇಲೆ ಇನ್ನೊಬ್ಬರು, ‘ಹೆಸರು ಹೇಳೋ ಧೈರ್ಯ ಇದ್ದರೆ ಹೇಳಲಿ.’ ಮತ್ತೊಬ್ಬರು, ‘ನಾನು ಒರೆಸಿದ್ದು, ತೊಳೆದಿಲ್ಲ. ಇದು ನನಗೇ ಹೇಳಿದ್ದು ಅಂತ ಗೊತ್ತು.’ ಗಿಡಕ್ಕೆ ನೀರು ಹಾಕುವವರು, ಬಟ್ಟೆ ಜಾಸ್ತಿ ಒಗೆಯುವವರು, ಮನೆಗೆ ನೆಂಟರು ಬಂದವರು, ಎಲ್ಲರಿಗೂ ಅದು ತಮಗೇ ಅನಿಸಿತು. ನಿಜವಾಗಿ ಪೈಪ್ ಹಿಡಿದು ಕಾರು ತೊಳೆದಿದ್ದು ಒಬ್ಬರೇ, ಬಾಲ್ಕನಿಯಲ್ಲಿ ನಿಂತವರೆಲ್ಲ ನೋಡಿದ್ದರು. ಅವರು ಮಾತ್ರ ಸೆಕ್ರೆಟರಿ ಸಂದೇಶಕ್ಕೆ ಹೆಬ್ಬೆರಳು ಎತ್ತಿ ಸುಮ್ಮನಾದರು. ‘ಕೆಲವರು’ ಅನ್ನುವ ಪದದ ಗುಣವೇ ಅದು. ಯಾರಿಗೆ ತಾಗಬೇಕೋ ಅವರೊಬ್ಬರನ್ನು ಬಿಟ್ಟು ಮಿಕ್ಕ ಎಲ್ಲರಿಗೂ ತಾಗುತ್ತದೆ.

‘ಗಮನಕ್ಕೆ ಬಂದಿದೆ’ ಇನ್ನೂ ಕೆಟ್ಟದ್ದು. ಯಾರ ಗಮನಕ್ಕೆ? ಯಾರು ನೋಡಿದ್ದು? ಎಲ್ಲೋ ಕೂತು ಯಾರೋ ಬರೆದಿಟ್ಟುಕೊಳ್ಳುತ್ತಿದ್ದಾರೆ ಅನ್ನುವ ಅನುಮಾನ ಹುಟ್ಟುತ್ತದೆ. ‘ನಾನು ನೋಡಿದೆ’ ಅಂದಿದ್ದರೆ ಯಾರಿಗೂ ಅಷ್ಟು ಕೋಪ ಬರುತ್ತಿರಲಿಲ್ಲ.

ಮುಂದಿನ ವಾರ ಸೆಕ್ರೆಟರಿ ಸಾರ್ ತಮ್ಮ ಹೊಸ ಸಂದೇಶವನ್ನು ನನಗೆ ಕಳಿಸಿದರು. ಅದರಲ್ಲಿ ‘ಖೇದಕರ’ ಇತ್ತು. ನಾನು ಎಲ್ಲವನ್ನೂ ತೆಗೆದು ಹೀಗೆ ಬರೆದು ಕೊಟ್ಟೆ: ‘ಸಂಪಿನಲ್ಲಿ ಬೆಳಗ್ಗೆ ಅರ್ಧ ನೀರಿದೆ. ಟ್ಯಾಂಕರ್ ನಾಳೆ ಸಂಜೆಗೆ ಬರುತ್ತೆ, ಅಲ್ಲಿವರೆಗೆ ಇಷ್ಟೇ. ಕಾರಿಗೆ ಒದ್ದೆ ಬಟ್ಟೆ ಸಾಕು, ಪೈಪ್ ಬೇಡ. ಜಲಮಂಡಳಿ ದಂಡ ಹಾಕಿದರೆ 5,000, ಅದು ನಮ್ಮೆಲ್ಲರ ಮೆಂಟೆನೆನ್ಸಿನಿಂದಲೇ ಹೋಗುತ್ತೆ.’ ಸಾರ್ ಓದಿ, ‘ಇದರಲ್ಲಿ ಒಂದು ದಯವಿಟ್ಟು ಕೂಡ ಇಲ್ವಲ್ಲಮ್ಮ, ಒರಟಾಯ್ತೇನೋ’ ಅಂದರು. ಹಾಕಿ ನೋಡಿ ಅಂದೆ. ಹಾಕಿದರು. ಟ್ಯಾಂಕರ್ ಎಷ್ಟೊತ್ತಿಗೆ ಅಂತ ಇಬ್ಬರು ಕೇಳಿದರು, ಅಷ್ಟೇ. ಕಾರು ತೊಳೆದವರ ಹತ್ತಿರ ಸಾರ್ ಹೋಗಿ ಕಾಫಿ ಕುಡಿದು ಮಾತಾಡಿ ಬಂದರು. ಆ ಮಾತು ಗ್ರೂಪಿಗೆ ಬರಲೇ ಇಲ್ಲ.

ಆ ಸಂದೇಶದಲ್ಲಿ ‘ನೀವು’ ಇಲ್ಲ, ‘ಕೆಲವರು’ ಇಲ್ಲ. ಸಂಪು ಇದೆ, ಪೈಪ್ ಇದೆ, ದುಡ್ಡಿದೆ. ಎದುರಿನವರ ತಪ್ಪು ಹೇಳುವಾಗ ಮನುಷ್ಯರನ್ನು ಬಿಟ್ಟು ವಸ್ತುಗಳ ಬಗ್ಗೆ ಮಾತಾಡುವುದು ಒಳ್ಳೆಯದು. ನಮ್ಮ ತಪ್ಪಾದರೆ ಇದು ಪೂರ್ತಿ ಉಲ್ಟಾ. ಅಲ್ಲಿ ‘ನಾವು’ ಅಂತ ಎದುರಿಗೆ ಬಂದು ನಿಲ್ಲಬೇಕು. ಆದರೆ ಬಹಳಷ್ಟು ಜನ, ಬಹಳಷ್ಟು ಕಂಪನಿಗಳು, ಇದನ್ನು ತಿರುಗಾಮುರುಗಾ ಮಾಡುತ್ತವೆ.

ನಮ್ಮ ಆಫೀಸಿನಲ್ಲಿ ಮೊದಲು ಒಂದು ರೆಡಿಮೇಡ್ ವಾಕ್ಯ ಇತ್ತು. ‘ನಿಮಗೆ ಉಂಟಾದ ಅನಾನುಕೂಲತೆಗಾಗಿ ನಾವು ವಿಷಾದಿಸುತ್ತೇವೆ.’ ಓದಿದರೆ ಪ್ಲಾಟ್‌ಫಾರ್ಮಿನಲ್ಲಿ ಲೇಟ್ ಆದ ಟ್ರೇನಿಗೆ ಕಾಯುತ್ತಿರುವ ನೆನಪಾಗುತ್ತದೆ. ಒಬ್ಬ ಗ್ರಾಹಕರು ಇದಕ್ಕೆ ಕೊಟ್ಟ ಉತ್ತರವನ್ನು ನಾವು ಇವತ್ತಿಗೂ ಹೇಳಿಕೊಂಡು ನಗುತ್ತೇವೆ: ‘ವಿಷಾದ ನೀವೇ ಇಟ್ಕೊಳ್ಳಿ, ದುಡ್ಡು ಕೊಡಿ.’ ಸರಿಯಾಗೇ ಹೇಳಿದರು. ‘ಉಂಟಾದ’ ಅಂದರೆ ಏನು? ಅನಾನುಕೂಲ ತಾನಾಗಿ ಉಂಟಾಯಿತಾ? ಜಾರ್ ತಾನಾಗಿ ಒಡೆಯಿತಾ? ಪ್ಯಾಕ್ ಮಾಡಿದ್ದು ನಾವು, ಕಳಿಸಿದ್ದು ನಾವು, ವಾಕ್ಯದಲ್ಲಿ ಮಾತ್ರ ನಾವು ಕಾಣುವುದು ವಿಷಾದಿಸುವಾಗ.

ಈಗ ನಾನು ಬರೆಯುವುದು ಹೀಗೆ: ‘ಫೋಟೊ ನೋಡಿದೆ, ಜಾರ್ ಒಡೆದಿದೆ. ನಾವು ಸರಿಯಾಗಿ ಪ್ಯಾಕ್ ಮಾಡಿಲ್ಲ. ಹೊಸದು ಕಳಿಸ್ತಿದೀವಿ, ಶುಕ್ರವಾರದೊಳಗೆ ಬರುತ್ತೆ.’ ಕ್ಷಮೆ ಅನ್ನುವ ಪದ ಇದರಲ್ಲಿ ಇಲ್ಲ. ಬೇಕು ಅಂತ ಯಾರೂ ಕೇಳಿಲ್ಲ. ಮೇಲಿನವರು ಮೊದಲು ಒಪ್ಪಲಿಲ್ಲ, ‘ನಾವೇ ಮಾಡಿದ್ದು ಅಂತ ಬರೆದು ಕೊಡಬಾರದು’ ಅಂದರು. ಆಮೇಲೆ ಬೈಗುಳ ಕಡಿಮೆ ಆಗಿದ್ದು ಕಂಡು ಸುಮ್ಮನಾದರು.

ಪದಗಳ ವಿಷಯ ಬಂದರೆ ಎಲ್ಲರೂ ದೊಡ್ಡ ದೊಡ್ಡ ಪದಗಳನ್ನೇ ಹುಡುಕುತ್ತಾರೆ. ನನಗೆ ಅನುಮಾನ ಬರುವುದು ಬಾಲಗಳ ಮೇಲೆ. ‘ಸರಿ’ ಅಂದರೆ ಸರಿ. ‘ಸರಿ ಬಿಡಿ’ ಅಂದರೆ ಏನೂ ಸರಿ ಇಲ್ಲ. ‘ಆಯ್ತು’ ಅಂದರೆ ಒಪ್ಪಿಗೆ, ‘ಆಯ್ತಪ್ಪಾ’ ಅಂದರೆ ಸಾಕಪ್ಪ ಸಾಕು. ತಮಾಷೆ ಅಂದರೆ ಅದೇ ‘ಬಿಡಿ’ ಇನ್ನೊಂದು ಕಡೆ ಬೆಣ್ಣೆ ಥರ ಕೆಲಸ ಮಾಡುತ್ತದೆ. ‘ಮೆಂಟೆನೆನ್ಸ್ ಕಟ್ಟಿ’ ಅಂದರೆ ಆಜ್ಞೆ. ‘ಮೆಂಟೆನೆನ್ಸ್ ಕಟ್ಬಿಡಿ’ ಅಂದರೆ ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಇನ್ನು ‘ಮೆಂಟೆನೆನ್ಸ್ ಕಟ್ಟತಕ್ಕದ್ದು’ ಅಂತ ಬರೆದರೆ ಕಟ್ಟುವವರೂ ಒಂದು ವಾರ ತಡ ಮಾಡುತ್ತಾರೆ, ಬೇಕು ಅಂತಲೇ.

ಬೆಂಗಳೂರಿನವರು ಕಂಡುಕೊಂಡಿರುವ ಇನ್ನೊಂದು ದಾರಿ ನನಗೆ ತುಂಬಾ ಇಷ್ಟ. ಕ್ರಿಯಾಪದವನ್ನೇ ನುಂಗಿಬಿಡುವುದು. ‘ಬೈಕ್ ತೆಗೆಯಿರಿ’ ಅನ್ನುವ ಬದಲು ‘ಬೈಕ್ ಸ್ವಲ್ಪ ಸೈಡಿಗೆ’. ಬಸ್ಸಿನಲ್ಲಿ ‘ಸ್ವಲ್ಪ ಒಳಗೆ, ಸ್ವಲ್ಪ ಒಳಗೆ’. ಕ್ರಿಯಾಪದ ಇಲ್ಲದ ಮೇಲೆ ಆಜ್ಞೆ ಎಲ್ಲಿಂದ ಬರಬೇಕು? ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನುವುದನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ನನ್ನ ಪ್ರಕಾರ ಅದರ ಜೀವ ಇರುವುದು ಅಡ್ಜಸ್ಟಿನಲ್ಲಲ್ಲ, ಆ ‘ಸ್ವಲ್ಪ’ದಲ್ಲಿ. ಮೂರು ಜನ ಕೂರುವ ಸೀಟಿನಲ್ಲಿ ನಾಲ್ಕನೆಯವರು ಕೂರುವುದು ಅದರ ಬಲದಿಂದ.

ಕೆಲವು ಪದಗಳನ್ನು ನಾನು ಕಂಡ ಕೂಡಲೇ ಕತ್ತರಿಸುತ್ತೇನೆ. ‘ಮೊದಲು’ ಅದರಲ್ಲಿ ಮೊದಲನೆಯದು. ‘ಬೈಲಾ ಓದಿ’ ಅಂದರೆ ಒಂದು ಸಲಹೆ. ‘ಮೊದಲು ಬೈಲಾ ಓದಿ’ ಅಂದರೆ ನಿನಗೇನೂ ಗೊತ್ತಿಲ್ಲ, ಆದರೂ ಬಾಯಿ ಹಾಕುತ್ತೀಯ ಅಂತ. ‘ಅರ್ಥ ಆಯ್ತಾ?’ ಎರಡನೆಯದು. ಅದನ್ನು ಮೇಷ್ಟ್ರು ಮಾತ್ರ ಕೇಳಬಹುದು. ‘ನಾನು ಹೇಳಿದ್ದು ಸರಿಯಾಗಿದೆಯಾ?’ ಅಂದರೆ ಅದೇ ಕೆಲಸ ಆಗುತ್ತದೆ, ಭಾರ ನಮ್ಮ ಮೇಲೆ ಇರುತ್ತದೆ. ಆಮೇಲೆ ‘ಅಂತೆ’. ‘ಅವರು ಮೀಟಿಂಗಿಗೆ ಬರ್ತಾರಂತೆ’ ಅಂದರೆ ಸುದ್ದಿ. ‘ಅವರಿಗೆ ಮೀಟಿಂಗಿಗೆ ಬರೋಕೆ ಟೈಮ್ ಇಲ್ವಂತೆ’ ಅಂದರೆ ಚಿವುಟಿದ್ದು. ಇನ್ನು ‘ಅಲ್ಲ ಸ್ವಾಮಿ’ ಅಂತ ಶುರುವಾದ ವಾಕ್ಯ ಒಳ್ಳೆಯ ರೀತಿಯಲ್ಲಿ ಮುಗಿದಿದ್ದನ್ನು ನಾನಂತೂ ನೋಡಿಲ್ಲ. ಕೋಪದ ಸಾಲಿನ ಕೊನೆಗೆ ಎರಡು ಕೈ ಮುಗಿಯುವ ಇಮೋಜಿ ಇದ್ದರೆ ಅದು ನಮಸ್ಕಾರ ಅಲ್ಲ, ‘ನಿಮಗೊಂದು ದೊಡ್ಡ ನಮಸ್ಕಾರ’.

ಅಂದ ಹಾಗೆ, ಬೆಳಗ್ಗೆ ಆರಕ್ಕೆ ಗುಲಾಬಿ ಹೂವಿನ ಮೇಲೆ ‘ಮಾತು ಬಲ್ಲವನಿಗೆ ಜಗಳವಿಲ್ಲ’ ಅಂತ ಹಾಕುವವರೇ ಒಂಬತ್ತಕ್ಕೆ ಪಾರ್ಕಿಂಗ್ ಜಗಳ ತೆಗೆಯುತ್ತಾರೆ. ಇದು ನಮ್ಮ ಗ್ರೂಪಿನಲ್ಲಿ ಮಾತ್ರವೋ ಎಲ್ಲ ಕಡೆಯೋ?

ಇಷ್ಟೆಲ್ಲ ಬಲ್ಲೆ ಅಂದುಕೊಂಡು ಕೂತರೂ ಊರು ಬದಲಾದರೆ ಲೆಕ್ಕ ಬದಲಾಗುತ್ತದೆ. ನಮ್ಮ ಕಡೆ ‘ರೀ’ ಇಲ್ಲದೆ ಮಾತೇ ಮುಗಿಯುವುದಿಲ್ಲ. ‘ಹೌದ್ರೀ’, ‘ಇಲ್ರೀ’, ‘ಬರ್ರೀ ಊಟ ಮಾಡ್ರಿ’. ಮರ್ಯಾದೆಗೆ ನಮಗಿರುವುದೇ ಅದೊಂದು. ಬೆಂಗಳೂರಿನಲ್ಲಿ ‘ಏನ್ರೀ’ ಅನ್ನುವುದು ಸಿಗ್ನಲ್ಲಿನಲ್ಲಿ ಗಾಡಿ ತಾಗಿಸಿಕೊಂಡವರು ಕೆಳಗಿಳಿದು ಆಡುವ ಮೊದಲ ಮಾತು. ಕಿವಿಗೆ ಎರಡೂ ಬೇರೆ ಬೇರೆ. ಬರೆದರೆ ಎರಡೂ ಒಂದೇ.

ಮೂರನೇ ಮಹಡಿಗೆ ವಿಜಯಪುರದಿಂದ ಒಂದು ಸಂಸಾರ ಬಂತು. ಆ ಮನೆಯಾಕೆ ಗ್ರೂಪಿಗೆ ಸೇರಿದ ಹೊಸದರಲ್ಲಿ ಕೇಳಿದರು, ‘ಏನ್ರೀ, ನೀರು ಯಾವಾಗ ಬಿಡ್ತೀರಿ?’ ಸೆಕ್ರೆಟರಿ ಸಾರ್‌ಗೆ ಅದು ಸವಾಲು ಹಾಕಿದ ಹಾಗೆ ಕಂಡಿತು. ‘ನೀರು ಬಿಡೋದು ನನ್ನ ಕೆಲಸ ಅಲ್ಲ ರೀ’ ಅಂದರು. ಅದಕ್ಕೆ ಆಕೆ ಪಾಪ, ನಿಜವಾಗಲೂ ತಿಳಿದುಕೊಳ್ಳಲು, ‘ಹೌದೇನ್ರೀ, ಮತ್ತ ಯಾರ ಕೆಲಸ ರೀ?’ ಅಂತ ಕೇಳಿದರು. ಗ್ರೂಪಿನಲ್ಲಿ ಎಲ್ಲರೂ ಉಸಿರು ಹಿಡಿದರು. ನಾನು ನಡುವೆ ಹೋಗಿ ಬರೆದೆ: ‘ಸಾರ್, ಇದು ವಿಜಯಪುರದ ರೀ, ಬೆಂಗಳೂರಿನ ರೀ ಅಲ್ಲ. ಅವರು ಟೈಮ್ ಕೇಳ್ತಿದಾರೆ ಅಷ್ಟೇ.’ ಆಮೇಲೆ ಆ ಸಂಸಾರಕ್ಕೂ ಸಾರ್‌ಗೂ ಬಲು ಹೊಂದಿಕೆ. ಅವರ ಮನೆ ಶೇಂಗಾ ಚಟ್ನಿಪುಡಿ ಸಾರ್ ಮನೆಗೆ ತಪ್ಪದೆ ಹೋಗುತ್ತದೆ. ನನಗೆ ಬರುವುದು ಮಾತ್ರ ಅಪರೂಪ.

ಆಫೀಸಿನಲ್ಲೂ ಇದೇ ಗೋಳು. ಮಂಗಳೂರು ಕಡೆಯವರೊಬ್ಬರು ರಿಫಂಡ್ ತಡವಾಗಿದ್ದಕ್ಕೆ ‘ಎಂಥ ಸಾವು ಮಾರಾಯ್ರೆ ಇದು’ ಅಂತ ಬರೆದರು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಕಲಬುರಗಿ ಹುಡುಗ ‘ಸಾವು’ ಓದಿ ಗಾಬರಿಯಾಗಿ ಮ್ಯಾನೇಜರ್ ಹತ್ತಿರ ಓಡಿದ. ಮಂಡ್ಯದ ಕಡೆಯ ಹಿರಿಯರೊಬ್ಬರು, ‘ನೋಡವ್ವ, ನೀನು ಕಳ್ಸಿರೋ ಕುಕ್ಕರು ಕೂಗೋದೇ ಇಲ್ಲ’ ಅಂತ ಬರೆದರು. ಪಕ್ಕದ ಸೀಟಿನ ಹುಡುಗಿಗೆ ಕೋಪ ಬಂತು, ‘ನೀನು ಅಂತಾರೆ ನೋಡಿ, ಮರ್ಯಾದೆನೇ ಇಲ್ಲ.’ ನಾನಂದೆ, ‘ಅದರ ಹಿಂದೆ ಅವ್ವ ಇದೆಯಲ್ಲ, ಅದನ್ನ ಓದು.’ ನಮ್ಮ ಮಾವನ ಮನೆಯಲ್ಲಿ ನನಗೆ ‘ನೀವು’ ಅಂದವರು ಯಾರೂ ಇಲ್ಲ. ಅಂದಿದ್ದರೆ ನಾನು ಇನ್ನೂ ಹೊರಗಿನವಳು ಅಂತ ಅರ್ಥ ಮಾಡಿಕೊಳ್ಳುತ್ತಿದ್ದೆ.

ಟ್ರೈನಿಂಗಿನಲ್ಲಿ ಒಂದು ಅಧ್ಯಯನದ ಬಗ್ಗೆ ಹೇಳಿದ್ದರು. 2005ರಲ್ಲಿ ಅಮೆರಿಕದಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಂದ ಕೆಲವು ವ್ಯಂಗ್ಯದ ಮಾತು, ಕೆಲವು ಗಂಭೀರ ಮಾತು ಬರೆಸಿ ಇಮೇಲಿನಲ್ಲಿ ಕಳಿಸಿದರು. ಓದುವವರಿಗೆ ಯಾವುದು ವ್ಯಂಗ್ಯ, ಯಾವುದಲ್ಲ ಅಂತ ನೂರಕ್ಕೆ 78 ಸಲ ಗೊತ್ತಾಗುತ್ತದೆ ಅಂತ ಕಳಿಸಿದವರು ನಂಬಿದ್ದರು. ಗೊತ್ತಾಗಿದ್ದು 56 ಸಲ. ಕಣ್ಣು ಮುಚ್ಚಿ ನಾಣ್ಯ ಎಸೆದರೂ 50 ಸಿಗುತ್ತದೆ. ದನಿಯಲ್ಲಿ ಹೇಳಿಸಿದಾಗ ಮಾತ್ರ ಮುಕ್ಕಾಲು ಪಾಲು ಸರಿಯಾಗಿ ತಿಳಿಯಿತು. ನಾವು ಬರೆಯುವಾಗ ನಮ್ಮ ದನಿ ನಮ್ಮ ತಲೆಯೊಳಗೆ ಓಡುತ್ತಿರುತ್ತದೆ. ಅದು ಅಕ್ಷರದ ಜೊತೆ ಹೋಗುವುದಿಲ್ಲ. ವಿಜಯಪುರದ ಆಕೆಯ ‘ರೀ’ಗೆ ಆಗಿದ್ದು ಇದೇ ಅಲ್ವಾ?

ಪೂರ್ಣವಿರಾಮದ ಬಗ್ಗೆಯೂ ಹೇಳಿದ್ದರು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು 126 ವಿದ್ಯಾರ್ಥಿಗಳಿಗೆ ಚಿಕ್ಕ ಚಿಕ್ಕ ಮೆಸೇಜುಗಳನ್ನು ತೋರಿಸಿದರು. ಒಂದೇ ಪದದ ಉತ್ತರದ ಕೊನೆಗೆ ಚುಕ್ಕಿ ಇದ್ದರೆ ಅದರಲ್ಲಿ ಮನಸ್ಸು ಕಡಿಮೆ ಅಂತ ಅವರಿಗೆ ಅನಿಸಿತು. ಅದೇ ಉತ್ತರ ಕೈಬರಹದಲ್ಲಿ ಇದ್ದಾಗ ಹಾಗೆ ಅನಿಸಲಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಅಧ್ಯಯನ ಬೇಕಾಗಿಲ್ಲ. ಮಾವ ಶಾಲೆಯಲ್ಲಿ ಕಲಿತ ಹಾಗೆ ಪ್ರತಿ ಮಾತಿಗೂ ಚುಕ್ಕಿ ಇಡುತ್ತಾರೆ. ‘ಬಂದೆ.’ ‘ಊಟ ಆಯಿತು.’ ಮಗಳು ಓದಿ ಕೇಳುತ್ತಾಳೆ, ‘ಅಮ್ಮಾ, ತಾತಂಗೆ ಯಾಕೆ ಕೋಪ?’

ಇಂಗ್ಲಿಷಿನಲ್ಲಿ ಎಲ್ಲ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದ ಹಾಗೆ. 1995ರಲ್ಲಿ ಇಂಟರ್‌ನೆಟ್ ಬಳಸುವವರಿಗೆ ಅಂತ ಬಂದ ಶಿಷ್ಟಾಚಾರದ ಪಟ್ಟಿಯಲ್ಲೇ ಇದನ್ನು ಬರೆದಿದ್ದರು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಲ್ಲ, ಕಿರುಚುವುದು ಹೇಗೆ? ನಾವು ದೀರ್ಘ ಎಳೆಯುತ್ತೇವೆ. ‘ಯಾರೂಊಊ ಕೇಳಲ್ವಾಆಆ’. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಿಗೆ ಆ ದಾರಿಯೂ ಸರಿಯಾಗಿ ಇಲ್ಲ. ಅಲ್ಲಿ ಹ್ರಸ್ವ ದೀರ್ಘ ಒಂದೇ, ಲ ಮತ್ತು ಳ ಒಂದೇ. ನಮ್ಮಲ್ಲಿ ಒಬ್ಬರು ಮಹಾ ಕೋಪದಲ್ಲಿ, ಮಕ್ಕಳು ಕ್ರಿಕೆಟ್ ಆಡಿ ಗಿಡ ಹಾಳು ಮಾಡಿದ್ದಾರೆ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಅದು ‘ಗಿಡ ಹಾಲು ಮಾಡಿದ್ದಾರೆ’ ಅಂತ ಓದಿಸಿಕೊಂಡಿತು. ಕೆಳಗೆ ಯಾರೋ ಕೇಳಿದರು, ‘ಎಷ್ಟು ಲೀಟರ್?’ ಆ ಜಗಳ ಅಲ್ಲಿಗೇ ಸತ್ತುಹೋಯಿತು.

2023ರಿಂದ ವಾಟ್ಸಾಪಿನಲ್ಲಿ ಕಳಿಸಿದ್ದನ್ನು 15 ನಿಮಿಷದೊಳಗೆ ತಿದ್ದಬಹುದು. ತಿದ್ದಿದ ಗುರುತು ಪಕ್ಕದಲ್ಲಿ ಉಳಿಯುತ್ತದೆ. ಹಾಗಾಗಿ ನಮ್ಮ ಗ್ರೂಪಿನಲ್ಲಿ ಈಗ ಸಂದೇಶಕ್ಕಿಂತ ‘ಮೊದಲು ಏನು ಬರೆದಿದ್ದರು, ನೀವು ನೋಡಿದ್ರಾ?’ ಅನ್ನುವ ಚರ್ಚೆಯೇ ಜಾಸ್ತಿ.

ಎಲ್ಲವನ್ನೂ ಮೆತ್ತಗೆ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ಸಂಪ್ ಕ್ಲೀನ್ ಮಾಡುವವರು ಒಮ್ಮೆ ಮುಚ್ಚಳ ತೆಗೆದಿಟ್ಟು ಊಟಕ್ಕೆ ಹೋಗಿದ್ದರು. ಕೆಳಗಿನ ಮನೆಯವರು ಅದನ್ನು ನೋಡಿ ಒಂದು ಸಂದೇಶ ಸಿದ್ಧ ಮಾಡಿ, ಅದನ್ನೂ ನನಗೆ ಕಳಿಸಿದರು. ‘ಎಲ್ಲರಿಗೂ ನಮಸ್ಕಾರ, ತಮ್ಮ ಗಮನಕ್ಕೆ’ ಅಂತ ಶುರುವಾಗಿತ್ತು. ಓದಿ ಮುಗಿಸುವ ಮೊದಲೇ ನಾನು ಗ್ರೂಪಿಗೆ ಹಾಕಿದೆ: ‘ಸಂಪ್ ತೆರೆದಿದೆ. ಮಕ್ಕಳನ್ನ ಕೆಳಗೆ ಬಿಡಬೇಡಿ.’ ಅಲ್ಲಿ ‘ಸ್ವಲ್ಪ’ ಬೇಡ, ‘ಅಲ್ವಾ’ ಬೇಡ. ಹೀಗೆ ಬರೆದಾಗ ಯಾರೂ ಒರಟು ಅನ್ನುವುದಿಲ್ಲ.

ನಮ್ಮ ವಾಚ್‌ಮನ್ ರಾಯಚೂರು ಕಡೆಯವರು. ಅದೇ 2024ರಲ್ಲಿ, ಟ್ಯಾಂಕರ್ ಬಂದ ಸಮಯ ಹಾಕಲಿ ಅಂತ ಅವರನ್ನೂ ಗ್ರೂಪಿಗೆ ಸೇರಿಸಿದೆವು. ಅದಕ್ಕೆ ಮೊದಲು ಅವರ ಬಗ್ಗೆ ಗ್ರೂಪಿನಲ್ಲಿ ಬರುತ್ತಿದ್ದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ‘ಎಲ್ಲಿ ಹಾಳಾಗಿ ಹೋದ’ ಅನ್ನುವುದೇ ಅದರಲ್ಲಿ ಮೆತ್ತಗಿನದ್ದು. ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡುವವರು, ಸಾಫ್ಟ್‌ವೇರಿನವರು, ದೇವಸ್ಥಾನದ ಟ್ರಸ್ಟಿನಲ್ಲಿ ಇರುವವರು, ಎಲ್ಲರೂ ಏಕವಚನವೇ. ಕಸ ತೆಗೆಯುವಾಕೆಗೂ ‘ಅವಳು’, ಅಡುಗೆಯಾಕೆಗೂ ‘ಅವಳು’. ಇಲ್ಲಿಯ ಏಕವಚನ ನಮ್ಮ ಮಾವನ ಮನೆಯ ಏಕವಚನ ಅಲ್ಲ. ಇದರ ಹಿಂದೆ ‘ಅವ್ವ’ ಇಲ್ಲ.

ಅವರು ಸೇರಿದ ದಿನದಿಂದ ನಡೆದದ್ದನ್ನು ನೋಡಬೇಕಿತ್ತು. ಕೆಲವರ ‘ಅವನು’ ರಾತ್ರೋರಾತ್ರಿ ‘ಅವರು’ ಆಯಿತು. (ಹೌದು, ಕೆಲವರು. ಯಾರು ಅಂತ ಕೇಳಬೇಡಿ.) ಇನ್ನು ಕೆಲವರಿಗೆ ‘ಅವರು’ ಅನ್ನಲು ಬೆರಳು ಬರಲಿಲ್ಲ, ‘ಅವನು’ ಅನ್ನಲು ಧೈರ್ಯ ಬರಲಿಲ್ಲ. ಅವರು ಮನುಷ್ಯನನ್ನೇ ವಾಕ್ಯದಿಂದ ತೆಗೆದುಬಿಟ್ಟರು. ‘ಮೋಟರ್ ಇನ್ನೂ ಆನ್ ಆಗಿಲ್ಲ.’ ‘ಗೇಟ್ ಮುಚ್ಚಿಲ್ಲ.’ ಸಂಪು, ಪೈಪು ಅಂತ ನಾನು ಹೇಳಿಕೊಟ್ಟ ಉಪಾಯ ಹೀಗೂ ಬಳಕೆಗೆ ಬಂತು.

ಎರಡನೇ ಮಹಡಿಯ ಒಬ್ಬರು ಮಾತ್ರ ಬದಲಾಗಲಿಲ್ಲ. ಒಂದು ಬೆಳಗ್ಗೆ ಬರೆದರು, ‘ನೀರು ಬರ್ತಿಲ್ಲ. ಎಲ್ಲಿದಾನೆ ಇವನು?’

ತಕ್ಷಣ ಉತ್ತರ ಬಂತು. ‘ಇಲ್ಲೇ ಅದೀನ್ರೀ ಸರ, ಮೋಟರ್ ರೂಮಿನ್ಯಾಗ.’

ಎರಡನೇ ಮಹಡಿಯವರು ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಕೊನೆಗೆ ‘ಓಕೆ, ಮೋಟರ್ ಹಾಕಿ’ ಅಂತ ಬಂತು. ‘ಹಾಕು’ ಅಲ್ಲ, ‘ಹಾಕಿ’. ಅದನ್ನು ಓದಿ ನಾನೂ ವಿಜಯಪುರದ ಆಕೆಯೂ ಮೆಟ್ಟಿಲ ಹತ್ತಿರ ನಿಂತು ನಕ್ಕೆವು.

ಮಾರನೇ ದಿನ ಆಫೀಸಿಗೆ ಹೊರಟಿದ್ದೆ. ಅದೇ ಮನುಷ್ಯ ಕಾರಿನ ಗ್ಲಾಸ್ ಇಳಿಸಿ ಕೂಗುತ್ತಿದ್ದರು. ‘ಏಯ್, ಗೇಟ್ ತೆಗಿಯೋ.’